ಅರಿವಳಿಕೆ ಮದ್ದಿನ ಮಿತವ್ಯಯ

ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಉಳಿಯಾಡಿಸಿದ್ದು ಕಲ್ಲಿನ ಮೇಲೆ, ಕಲ್ಲಿಗೆ ನೋವಿಲ್ಲ. ಮನುಷ್ಯನ ಮೈಮೇಲೆ ಶಸ್ತ್ರವಾಡಿಸುವ ವೈದ್ಯನಿಗೆ ಆ ಸೌಕರ್ಯ ಒದಗಿದ್ದು 1846ರಲ್ಲಿ, ಅಮೆರಿಕದ ಬೋಸ್ಟನ್ನಿನಲ್ಲಿ ಈಥರಿನ ಪ್ರಯೋಗ ಗೆದ್ದಾಗ. ಮರುವರ್ಷವೇ ಅದು ಕಲ್ಕತ್ತೆಗೂ ಬಂತು. ಆದರೆ ಈಥರು ನಮ್ಮ ಸೆಕೆಯನ್ನು ತಾಳುವ ಪದಾರ್ಥವಲ್ಲ. ಅದು ಸುಮಾರು 35 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯತೊಡಗುತ್ತದೆ. ಚೈತ್ರ ವೈಶಾಖಗಳ ನಡುಹಗಲಲ್ಲಿ ಅರಸೀಕೆರೆಯ ಬಯಲಿನ ಕಾವು ಎಂಥದೆಂಬುದನ್ನು ತಾವೇ ಬಲ್ಲಿರಿ. ಸೀಸೆಯ ಬಿರಡೆ ತೆಗೆದರೆ ರೋಗಿಯ ಮೂಗಿಗಿಂತ ಕೋಣೆಯ ಗಾಳಿಗೇ ಹೆಚ್ಚು ಪಾಲು! 61 ಡಿಗ್ರಿಯಲ್ಲಿ ಕುದಿಯುವ, ಬೆಂಕಿ ಹತ್ತದ, ಸ್ವಲ್ಪದರಲ್ಲೇ ಕೆಲಸ ಮುಗಿಸುವ ಕ್ಲೋರೋಫಾರಮ್ಮು 1847ರ ಕೊನೆಗೆ ಎಡಿನ್‌ಬರೋದಲ್ಲಿ ಬಳಕೆಗೆ ಬಂದ ಮೇಲೆ ನಮ್ಮ ಆಸ್ಪತ್ರೆಗಳು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ಒಮ್ಮೊಮ್ಮೆ ಪ್ರಾಣವನ್ನೇ ಬೆಲೆಯಾಗಿ ಕೇಳಿತು. ಮೇಜಿನ ಮೇಲೆ ಮಲಗಿದವರು ಹಠಾತ್ತನೆ ಸಾಯುತ್ತಿದ್ದರು. ಉಸಿರು ನಿಂತೋ, ಹೃದಯ ನಿಂತೋ? ಕಲಬುರಗಿ, ರಾಯಚೂರು, ಬೀದರಗಳೂ ಸೇರಿದ್ದ ಅಂದಿನ ಹೈದರಾಬಾದು ಸಂಸ್ಥಾನದಲ್ಲಿ ಇದರ ಪರೀಕ್ಷೆಗೆಂದೇ 1888ರಲ್ಲೊಂದು, 1889ರಲ್ಲೊಂದು ಆಯೋಗ ಕುಳಿತವು. ಡಾಕ್ಟರ್ ಎಡ್ವರ್ಡ್ ಲಾರಿ ಮುಂದಾಳು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯ ಪ್ರತಿನಿಧಿಯನ್ನು ಕರೆಸಲು ನಿಜಾಮರು ಸಾವಿರ ಪೌಂಡು ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಅಪಾಯವಿರುವುದು ಉಸಿರಿನಲ್ಲಿ, ಹೃದಯದಲ್ಲಲ್ಲ ಎಂದು ಆಯೋಗ ತೀರ್ಮಾನಿಸಿತು. ತೀರ್ಮಾನ ನಿಲ್ಲಲಿಲ್ಲ. ಮತ್ತು ಹಗುರವಾಗಿದ್ದಾಗ ಕ್ಲೋರೋಫಾರಮ್ಮು ಹೃದಯದ ಬಡಿತವನ್ನೇ ಕೆಡಿಸಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಆದರೂ ‘ಉಸಿರಿನ ಮೇಲೆ ಕಣ್ಣಿರಲಿ’ ಎಂಬ ಲಾರಿಯವರ ಪಾಠ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಅವರ ಶಿಷ್ಯೆ ರೂಪಾಬಾಯಿ ಫುರ್ದೂನ್‌ಜೀ ಜಗತ್ತಿನ ಮೊದಮೊದಲ ಅರಿವಳಿಕೆ ವೈದ್ಯೆಯರಲ್ಲೊಬ್ಬರು.

ನಿಜವಾದ ಉಳಿತಾಯ ಬಂದದ್ದು ಬೇರೆ ದಾರಿಯಿಂದ. ರೋಗಿ ಹೊರಬಿಟ್ಟ ಉಸಿರಿನಲ್ಲಿ ಮದ್ದು ಬಹುಪಾಲು ಹಾಗೆಯೇ ಉಳಿದಿರುತ್ತದೆ. ಬೇಡವಾದದ್ದು ಇಂಗಾಲಾಮ್ಲ ವಾಯು ಮಾತ್ರ. 1920ರ ದಶಕದಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಆ ಉಸಿರನ್ನು ಸುಣ್ಣದಿಂದಾದ ಸೋಡಾಲೈಮಿನ ಹರಳುಗಳ ಮೂಲಕ ಹಾಯಿಸಿ, ಇಂಗಾಲಾಮ್ಲವನ್ನು ಹೀರಿಸಿ, ಉಳಿದುದನ್ನು ರೋಗಿಗೇ ಮರಳಿ ಕೊಟ್ಟರು. ನಿಮಿಷಕ್ಕೆ ಐದಾರು ಲೀಟರು ಹೊಸ ಅನಿಲ ಹರಿಸುತ್ತಿದ್ದಲ್ಲಿ ಈ ಕ್ರಮದಿಂದ ಇಂದು ಒಂದು ಲೀಟರು, ಅದಕ್ಕೂ ಕಡಮೆ, ಸಾಕಾಗುತ್ತದೆ. ಆದರೆ ಆಮ್ಲಜನಕವನ್ನೂ ಮದ್ದನ್ನೂ ಕ್ಷಣಕ್ಷಣಕ್ಕೆ ಅಳೆಯುವ ಯಂತ್ರ ಪಕ್ಕದಲ್ಲಿರಬೇಕು. ಅದಿಲ್ಲದೆಡೆ ಇಂಥ ಜಿಪುಣತನ ಸಲ್ಲದು.

ಸಂಗತಿ ಬರಿಯ ಹಣದ್ದೂ ಅಲ್ಲ. ಡೆಸ್‌ಫ್ಲೂರೇನ್ ಎಂಬ ಹೊಸ ಮದ್ದು ಇಂಗಾಲಾಮ್ಲಕ್ಕಿಂತ ಸುಮಾರು 2,500 ಪಾಲು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಯೂರೋಪಿನ ಒಕ್ಕೂಟ 2026ರ ಜನವರಿಯಿಂದ ಅದರ ವಾಡಿಕೆಯ ಬಳಕೆಯನ್ನು ನಿಷೇಧಿಸಿದೆ.

ಆಸ್ಪತ್ರೆಯಲ್ಲಿ ಅರಿವಳಿಕೆಯ ಯಂತ್ರ ಕಣ್ಣಿಗೆ ಬಿದ್ದರೆ ಅದರ ಪಾರದರ್ಶಕ ಡಬ್ಬಿಯನ್ನು ಗಮನಿಸಿ. ಬಿಳಿಯ ಹರಳುಗಳು ನೇರಳೆಗೆ ತಿರುಗಿದ್ದರೆ ಸುಣ್ಣದ ಕಸುವು ತೀರಿತೆಂದು ಅರ್ಥ. ಅದನ್ನು ಚೆಲ್ಲಿ ಹೊಸದನ್ನು ತುಂಬುತ್ತಾರೆ.