ವಿಂಡೋಸ್ ಜೊತೆಯಲ್ಲಿ ಲಿನಕ್ಸ್ ಅಳವಡಿಕೆ: ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಗಣಕ ಬಳಕೆದಾರರಿಗೆ ಮಾಹಿತಿ

ಪೀಠಿಕೆ

ಸೇವಾ ಸಿಂಧು, ನಾಡಕಚೇರಿ, ಭೂಮಿ ಮುಂತಾದ ಜಾಲತಾಣಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ, ಪಹಣಿ ಹಾಗೂ ಜಾತಿ-ಆದಾಯ ಪ್ರಮಾಣಪತ್ರಗಳನ್ನು ಪಡೆಯುವ ಅನೇಕ ನಾಗರಿಕರ ಗಣಕಗಳಲ್ಲಿ ಇರುವುದು ವಿಂಡೋಸ್ 10. ಮೈಕ್ರೋಸಾಫ್ಟ್ ಸಂಸ್ಥೆಯು ಸದರಿ ಆವೃತ್ತಿಯ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್ ಹಾಗೂ ಹೊಸ ಪೀಳಿಗೆಯ ಪ್ರೊಸೆಸರ್ ಅವಶ್ಯವಾದುದರಿಂದ ಹಳೆಯ ಗಣಕಗಳು ಅದಕ್ಕೆ ಅರ್ಹವಾಗುವುದಿಲ್ಲ. ಭದ್ರತಾ ಪರಿಷ್ಕರಣೆ ದೊರೆಯದ ಗಣಕದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ನಮೂದಿಸುವುದು ಕ್ಷೇಮಕರವಲ್ಲ. ಸುಸ್ಥಿತಿಯಲ್ಲಿರುವ ಯಂತ್ರವನ್ನು ಈ ಕಾರಣಕ್ಕಾಗಿ ಗುಜರಿಗೆ ಹಾಕಬೇಕಾಗಿಯೂ ಇಲ್ಲ. ಅಂತರಜಾಲದ ಕೆಲಸಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಅದೇ ಗಣಕದಲ್ಲಿ ವಿಂಡೋಸ್ ಪಕ್ಕದಲ್ಲಿಯೇ ಅಳವಡಿಸಿಕೊಳ್ಳಬಹುದಾಗಿದೆ.

ವಿಂಡೋಸ್ ಅನ್ನು ಪೂರ್ಣವಾಗಿ ತೆಗೆಯದಿರಲು ಕಾರಣವಿದೆ. ಡಿಜಿಟಲ್ ಸಹಿಯ ಕೆಲವು ಟೋಕನ್‌ಗಳು, ಬೆರಳಚ್ಚು ಸಾಧನಗಳು ಹಾಗೂ ಕೆಲವು ಹಳೆಯ ಮುದ್ರಕಗಳ ಚಾಲಕ ತಂತ್ರಾಂಶಗಳು ವಿಂಡೋಸ್ ಅನ್ನೇ ಅವಲಂಬಿಸಿವೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ವರ್ಷಗಟ್ಟಲೆ ಸಿದ್ಧಪಡಿಸಿದ ಕಡತಗಳೂ ಇರುತ್ತವೆ.

ಪೂರ್ವಸಿದ್ಧತೆ

ಉಬುಂಟು 24.04 ಆವೃತ್ತಿಯು 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿದ್ದು, ಐದು ವರ್ಷಗಳ ಬೆಂಬಲವನ್ನು ಹೊಂದಿರುತ್ತದೆ. ಇದಕ್ಕೆ 4 ಜಿಬಿ ಸ್ಮರಣೆ ಹಾಗೂ ಕನಿಷ್ಠ 25 ಜಿಬಿ ಡಿಸ್ಕ್ ಸ್ಥಳ ಅವಶ್ಯ. 50 ಜಿಬಿ ಒದಗಿಸುವುದು ಸೂಕ್ತ. ಇದಕ್ಕಿಂತ ಹಗುರವಾದುದು ಬೇಕೆನಿಸಿದಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪರಿಗಣಿಸಬಹುದು.

ಮೊದಲನೆಯದಾಗಿ ದಾಖಲೆಗಳ ಪ್ರತಿ. ಖರೀದಿ ಪತ್ರ, ಅಂಕಪಟ್ಟಿ, ಕುಟುಂಬದ ಛಾಯಾಚಿತ್ರ ಇತ್ಯಾದಿ ಎಲ್ಲವನ್ನೂ ಬೇರೊಂದು ಡಿಸ್ಕ್‌ಗೆ ನಕಲಿಸಿ, ಆ ಡಿಸ್ಕನ್ನು ಗಣಕದಿಂದ ಬೇರ್ಪಡಿಸಿ ಇಡತಕ್ಕದ್ದು. ಡಿ ಡ್ರೈವ್‌ಗೆ ನಕಲಿಸುವುದು ಪ್ರತಿ ತೆಗೆದಂತೆ ಆಗುವುದಿಲ್ಲ; ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳಾಗಿರುತ್ತವೆ.

ಎರಡನೆಯದಾಗಿ ಬಿಟ್‌ಲಾಕರ್. ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣವು ಬಳಕೆದಾರರ ಗಮನಕ್ಕೆ ಬಾರದೆಯೇ ಚಾಲನೆಯಲ್ಲಿರುತ್ತದೆ. ಬೂಟ್ ವ್ಯವಸ್ಥೆ ಬದಲಾದಾಗ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದಲ್ಲಿ ಡಿಸ್ಕಿನಲ್ಲಿರುವುದನ್ನು ಯಾರೂ ತೆರೆದುಕೊಡಲಾರರು. ಆದುದರಿಂದ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಂಡು, ಗೂಢಲಿಪೀಕರಣವನ್ನು ಸ್ಥಗಿತಗೊಳಿಸಿ, ಆ ಪ್ರಕ್ರಿಯೆ ಮುಗಿಯುವವರೆಗೆ ಕಾಯತಕ್ಕದ್ದು.

ಮೂರನೆಯದಾಗಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ತೆಗೆಯಬೇಕು. ಇದು ಇರುವವರೆಗೆ ವಿಂಡೋಸ್ ಪೂರ್ಣವಾಗಿ ಮುಚ್ಚಿರುವುದಿಲ್ಲ. ಅಂತಹ ಡ್ರೈವ್‌ನಲ್ಲಿ ಲಿನಕ್ಸ್‌ನಿಂದ ಕಡತ ಬರೆಯಲು ಅವಕಾಶ ದೊರೆಯದು, ಬಲವಂತವಾಗಿ ಬರೆದಲ್ಲಿ ಕಡತಗಳು ಕೆಡಬಹುದು.

ನಂತರ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ, ‘ಶ್ರಿಂಕ್ ವಾಲ್ಯೂಮ್’ ಆಯ್ದು, 51200 ಎಂದು ನಮೂದಿಸಿದಲ್ಲಿ 50 ಜಿಬಿ ಖಾಲಿ ಸ್ಥಳ ದೊರೆಯುತ್ತದೆ. ಅದನ್ನು ಹಾಗೆಯೇ ಬಿಡತಕ್ಕದ್ದು, ಫಾರ್ಮ್ಯಾಟ್ ಮಾಡಬಾರದು. ವಿಭಾಗ ಬದಲಾವಣೆಯ ನಡುವೆ ವಿದ್ಯುತ್ ಕಡಿತಗೊಂಡಲ್ಲಿ ದತ್ತಾಂಶಕ್ಕೆ ಹಾನಿಯಾಗುವ ಸಂಭವವಿರುತ್ತದೆ. ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿ ತುಂಬಿರಬೇಕು. ಮೇಜಿನ ಗಣಕವಾಗಿದ್ದು ಯುಪಿಎಸ್ ಇಲ್ಲದಿದ್ದಲ್ಲಿ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಸಂಜೆಗಳನ್ನು ಬಿಟ್ಟು ಬೆಳಗಿನ ಹೊತ್ತು ಆಯ್ದುಕೊಳ್ಳುವುದು ವಿವೇಕ.

ಅಳವಡಿಸುವ ಕ್ರಮ

ಉಬುಂಟುವಿನ ಅಧಿಕೃತ ಜಾಲತಾಣದಿಂದ ಐಎಸ್‌ಒ ಕಡತವನ್ನು ಇಳಿಸಿಕೊಂಡು (ಗಾತ್ರ ಸುಮಾರು 6 ಜಿಬಿ), ರೂಫಸ್ ತಂತ್ರಾಂಶದ ಮೂಲಕ 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ಬರೆಯತಕ್ಕದ್ದು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲವೂ ಅಳಿಯುತ್ತದೆ. ಗಣಕವನ್ನು ಮರುಚಾಲನೆ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವ್ ಆಯ್ಕೆ ಮಾಡಬೇಕು. ಕೀಲಿಯು ತಯಾರಕರಿಗನುಗುಣವಾಗಿ ಬೇರೆಯಾಗಿರುತ್ತದೆ.

ಅಳವಡಿಸದೆಯೇ ಪರೀಕ್ಷಿಸಿ ನೋಡುವ ‘ಟ್ರೈ ಉಬುಂಟು’ ಆಯ್ಕೆಯನ್ನು ಅವಸರದಲ್ಲಿ ದಾಟಿ ಹೋಗಬಾರದು. ವೈಫೈ, ಧ್ವನಿ, ಮುದ್ರಕ ಕೆಲಸ ಮಾಡುವವೇ, ಫೈರ್‌ಫಾಕ್ಸ್‌ನಲ್ಲಿ ಸೇವಾ ಸಿಂಧು ಪುಟ ತೆರೆದು ಲಾಗಿನ್ ಆಗುವುದೇ ಎಂಬುದನ್ನು ಡಿಸ್ಕ್ ಮುಟ್ಟದೆ ಇಲ್ಲಿಯೇ ತಿಳಿಯಬಹುದು. ಇಲ್ಲಿ ಕೆಲಸ ಮಾಡದ ಸಾಧನವು ಅಳವಡಿಸಿದ ಬಳಿಕ ತಾನಾಗಿ ಸರಿಹೋಗುವುದೆಂದು ನಂಬುವಂತಿಲ್ಲ.

ಅಳವಡಿಕೆ ಆರಂಭವಾದ ಮೇಲೆ ನಿರ್ಣಾಯಕವಾದುದು ಒಂದೇ ಪರದೆ. ವಿಂಡೋಸ್ ಜೊತೆಯಲ್ಲಿ ಅಳವಡಿಸುವ ‘ಅಲಾಂಗ್‌ಸೈಡ್’ ಆಯ್ಕೆಯನ್ನೇ ಗುರುತಿಸತಕ್ಕದ್ದು. ‘ಇರೇಸ್ ಡಿಸ್ಕ್’ ಎಂಬುದು ವಿಂಡೋಸ್ ಸಹಿತ ಎಲ್ಲ ದಾಖಲೆಗಳನ್ನೂ ಅಳಿಸುತ್ತದೆ. ‘ಅಲಾಂಗ್‌ಸೈಡ್’ ಆಯ್ಕೆ ಕಾಣಿಸದಿದ್ದಲ್ಲಿ ಮುಂದುವರಿಯದೆ ಹೊರಬರತಕ್ಕದ್ದು. ಬಿಟ್‌ಲಾಕರ್ ಇನ್ನೂ ಚಾಲನೆಯಲ್ಲಿರುವುದು, ಡಿಸ್ಕ್ ನಿಯಂತ್ರಕವು ರೇಡ್ ಕ್ರಮದಲ್ಲಿರುವುದು ಅಥವಾ ಹಳೆಯ ಎಂಬಿಆರ್ ಡಿಸ್ಕಿನಲ್ಲಿ ನಾಲ್ಕು ಪ್ರಾಥಮಿಕ ವಿಭಾಗಗಳು ಭರ್ತಿಯಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಕಾಲವಲಯದಲ್ಲಿ ಕೋಲ್ಕತ ಆಯ್ಕೆ ಮಾಡಬೇಕು. ಉಳಿದ ಪರದೆಗಳಲ್ಲಿ ವಿಶೇಷವೇನೂ ಇಲ್ಲ.

ಮರುಚಾಲನೆಯ ನಂತರ ಗ್ರಬ್ ಎಂಬ ಪಟ್ಟಿಯಲ್ಲಿ ಉಬುಂಟು ಹಾಗೂ ವಿಂಡೋಸ್ ಎರಡೂ ಕಾಣಿಸುತ್ತವೆ. ಎರಡನ್ನೂ ಒಮ್ಮೊಮ್ಮೆ ತೆರೆದು ಖಚಿತಪಡಿಸಿಕೊಳ್ಳತಕ್ಕದ್ದು. ವಿಂಡೋಸ್‌ಗೆ ಮರಳಿದಾಗ ಗಡಿಯಾರವು 5 ಗಂಟೆ 30 ನಿಮಿಷ ಹಿಂದೆ ತೋರಿದಲ್ಲಿ ಗಾಬರಿಗೆ ಕಾರಣವಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಕಾಲದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ವಿಂಡೋಸ್‌ನ ಸಮಯ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಸಮಯ ಸರಿಹೋಗುತ್ತದೆ.

ಕನ್ನಡ ಬರವಣಿಗೆ

ನುಡಿ ಬಲ್ಲವರು ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ‘ಕನ್ನಡ (ಕಗಪ, ಫೋನೆಟಿಕ್)’ ಎಂಬ ವಿನ್ಯಾಸವನ್ನು ಸೇರಿಸಿಕೊಂಡರೆ ಸಾಕು. ನುಡಿಯಲ್ಲಿರುವಂತೆಯೇ ಎಫ್ ಕೀಲಿಯು ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರವನ್ನು ನೀಡುತ್ತದೆ. ‘ಹುಬ್ಬಳ್ಳಿ’ ಎಂದು ಬರೆಯಲು ಎಚ್, ಯು, ಬಿ, ಎಫ್, ಬಿ, ಶಿಫ್ಟ್ ಸಹಿತ ಎಲ್, ಎಫ್, ಪುನಃ ಶಿಫ್ಟ್ ಸಹಿತ ಎಲ್, ಐ ಒತ್ತಬೇಕು. ಹೀಗೆ ಬರೆದುದು ಯೂನಿಕೋಡ್ ಆಗಿರುವುದರಿಂದ ಅರ್ಜಿ ನಮೂನೆಗಳಲ್ಲಿ ನೇರವಾಗಿ ತುಂಬಬಹುದು.

ಹಳೆಯ ನುಡಿ ಕಡತಗಳ ವಿಷಯ ಬೇರೆ. ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತದ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಆದುದರಿಂದ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ. ನುಡಿ ಅಕ್ಷರಶೈಲಿಯ ಕಡತವನ್ನು ಲಿನಕ್ಸ್‌ನಲ್ಲಿಯೂ ಸ್ಥಾಪಿಸಿದರೆ ಓದಬಹುದು. ಶಾಶ್ವತ ಪರಿಹಾರವೆಂದರೆ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು. ಹೆಸರಿನ ಒಂದು ಅಕ್ಷರ ತಪ್ಪಿದರೂ ಆಧಾರ್ ಮತ್ತು ಪಹಣಿಗಳ ನಡುವೆ ತಾಳೆಯಾಗದೆ ಅರ್ಜಿ ಮರಳಿ ಬರುವ ಸಾಧ್ಯತೆ ಇರುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವ್ಯವಸ್ಥೆ ಕಠಿಣವಾದೀತೆಂಬ ಶಂಕೆ ಅನಗತ್ಯ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೇರಳ ರಾಜ್ಯದ ಪಠ್ಯಕ್ರಮದಂತೆ ಮಕ್ಕಳು ಲಿನಕ್ಸ್ ಗಣಕಗಳಲ್ಲಿಯೇ ಕಲಿಯುತ್ತಾರೆ.

ನಂತರದ ಬಳಕೆ

ಲಿನಕ್ಸ್ ಅಳವಡಿಸಿದ ಮಾತ್ರಕ್ಕೆ ಪಕ್ಕದ ವಿಂಡೋಸ್ 10 ಸುರಕ್ಷಿತವಾಗುವುದಿಲ್ಲ. ಅದನ್ನು ಹಳೆಯ ಕಡತ ಹಾಗೂ ಸಾಧನಗಳಿಗೆ ಮಾತ್ರ ಬಳಸಿ, ಅಂತರಜಾಲ ಸಂಪರ್ಕವನ್ನು ಲಿನಕ್ಸ್‌ಗೆ ಸೀಮಿತಗೊಳಿಸುವುದು ಉತ್ತಮ. ಟೋಕನ್ ಮೂಲಕ ಡಿಜಿಟಲ್ ಸಹಿ ಮಾಡುವ ಸಲುವಾಗಿ ವಿಂಡೋಸ್‌ನಲ್ಲಿಯೇ ಅಂತರಜಾಲ ಬಳಸಬೇಕಾದವರು ವಿಸ್ತೃತ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಳ್ಳಬಹುದು. ಗೃಹಬಳಕೆಯ ಗಣಕಗಳಿಗೆ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿದ ಗಡುವು 2026ರ ಅಕ್ಟೋಬರ್ 13.

ಲಿನಕ್ಸ್ ಬೇಡವೆನಿಸಿದಲ್ಲಿ ಅದರ ವಿಭಾಗವನ್ನು ಮೊದಲೇ ಅಳಿಸಬಾರದು. ಗ್ರಬ್ ತನ್ನ ಕಡತಗಳನ್ನು ಕಾಣದೆ ನಿಂತು, ವಿಂಡೋಸ್ ಕೂಡ ತೆರೆಯದೇ ಹೋಗಬಹುದು. ಯುಇಎಫ್‌ಐ ಸೆಟ್ಟಿಂಗ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲ ಸ್ಥಾನಕ್ಕೆ ತಂದು, ವಿಂಡೋಸ್ ನೇರವಾಗಿ ತೆರೆಯುವುದನ್ನು ಕಂಡ ನಂತರವೇ ವಿಭಾಗವನ್ನು ತೆಗೆಯತಕ್ಕದ್ದು.