ಮಾರ್ಕ್

ಎಲ್ಲೆಯೆಂಬ ಅರ್ಥದಿಂದ ಹೊರಟು, ಎಲ್ಲೆಯನ್ನು ತೋರುವ ಗುರುತೆಂಬ ಅರ್ಥಕ್ಕೆ ಸಂದ ಈ ಇಂಗ್ಲಿಷ್ ಶಬ್ದವು, ಬ್ರಿಟಿಷ್ ಸೇನೆಯಲ್ಲಿ ಒಂದೇ ಆಯುಧದ ಪರಿಷ್ಕೃತ ರೂಪಗಳನ್ನು ಬೇರ್ಪಡಿಸುವ ಕ್ರಮಾಂಕದ ಪೂರ್ವಪದವಾಗಿ ನೆಲೆಗೊಂಡಿತು. 1907ರ ಲೀ-ಎನ್‌ಫೀಲ್ಡ್ ಬಂದೂಕು ಮಾರ್ಕ್ 3 ಎನಿಸಿಕೊಂಡಿತು. ಮೊದಲನೆಯ ಮಹಾಯುದ್ಧದ ತ್ವರೆಯಲ್ಲಿ, ಗುಂಡಿನ ಕೋಶವನ್ನು ಮರೆಮಾಡುವ ತಗಡನ್ನೂ ಬಹುದೂರದ ಗುರಿಗೆಂದಿದ್ದ ಪಾರ್ಶ್ವದರ್ಶಕವನ್ನೂ ಕೈಬಿಟ್ಟಾಗ, ಅಷ್ಟು ಅಲ್ಪವಾದ ವ್ಯತ್ಯಾಸಕ್ಕೆ ಹೊಸ ಅಂಕಿ ಬೇಡವೆಂದು ಒಂದು ನಕ್ಷತ್ರಚಿಹ್ನೆಯನ್ನಷ್ಟೇ ಸೇರಿಸಿದರು. ಆ ಬಂದೂಕುಗಳ ಬಲಮಗ್ಗುಲಿನ ಉಕ್ಕಿನ ಪಟ್ಟಿಯಲ್ಲಿ, ಕಿರೀಟಮುದ್ರೆಯ ಕೆಳಗೆ, ರೋಮನ್ ಅಂಕಿಯ ಪಕ್ಕದಲ್ಲಿ ಆ ಪುಟ್ಟ ತಾರೆಯನ್ನು ಇಂದಿಗೂ ಕಾಣಬಹುದು. ಇಷ್ಟು ಮಿತವಾದ ಬರಹದಲ್ಲಿ ಇಷ್ಟು ವೃತ್ತಾಂತವನ್ನು ಅಡಗಿಸಬಲ್ಲ ಈ ಪದ್ಧತಿಯ ವಿಷಯದಲ್ಲಿ ನನಗೆ ಅತ್ಯಂತ ಗೌರವವುಂಟು. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸುವ ತೇಜಸ್ ಮಾರ್ಕ್ 1ಎ ಯುದ್ಧವಿಮಾನದ ಹೆಸರಿನಲ್ಲಿ ನಕ್ಷತ್ರದ ಕಾರ್ಯವನ್ನು ಅಕ್ಷರವೊಂದು ನಿರ್ವಹಿಸುತ್ತಿದೆ.