ವೆಬ್‌ಸ್ಟರ್
ನೇಕಾರಿಕೆಯ ಕಸುಬಿನಿಂದ ಹುಟ್ಟಿದ ಇಂಗ್ಲಿಷ್ ಕುಲನಾಮ. ಹಳೆಯ ಇಂಗ್ಲಿಷಿನಲ್ಲಿ 'ವೆಬ್ಬೆಸ್ಟ್ರೆ' ಎಂದರೆ ನೇಯುವವಳು; ಕೊನೆಯ 'ಸ್ಟರ್' ಮೂಲತಃ ಸ್ತ್ರೀಲಿಂಗ ಪ್ರತ್ಯಯ. ಮಧ್ಯಯುಗದಲ್ಲಿ ಇದು ನೇಯುವ ಗಂಡಸರಿಗೂ ಅನ್ವಯವಾಗಿ, ಕ್ರಮೇಣ ವಂಶದ ಹೆಸರಾಗಿ ನೆಲೆಯೂರಿತು. ಬೇಕರ್–ಬ್ಯಾಕ್ಸ್‌ಟರ್, ಬ್ರೂವರ್–ಬ್ರೂಸ್ಟರ್, ಡಯರ್–ಡೆಕ್ಸ್‌ಟರ್ ಜೋಡಿಗಳದೂ ಇದೇ ಕಥೆ. ಮಗ್ಗ, ಒಲೆ, ಬಣ್ಣದ ಬಾನಿಗಳ ಮುಂದೆ ದುಡಿದ ಹೆಂಗಸರ ಗುರುತು ಗಂಡಸರ ವಂಶಾವಳಿಗಳಲ್ಲಿ ಹೀಗೆ ಉಳಿದುಬಂದಿರುವುದು ನಿಜಕ್ಕೂ ಅಪರೂಪದ ಸಂಗತಿ. ಇದೇ ಅರ್ಥದ 'ವೆಬ್' ದಕ್ಷಿಣ ಇಂಗ್ಲೆಂಡಿನಲ್ಲಿ ಹೆಚ್ಚು ಬಳಕೆಯಲ್ಲಿದ್ದರೆ, ವೆಬ್‌ಸ್ಟರ್ ಯಾರ್ಕ್‌ಷೈರ್ ಮೊದಲಾದ ಉತ್ತರದ ಸೀಮೆಗಳಲ್ಲೂ ಸ್ಕಾಟ್ಲೆಂಡಿನಲ್ಲೂ ಬೇರುಬಿಟ್ಟಿದೆ. ವಲಸಿಗರೊಂದಿಗೆ ಅಮೆರಿಕ, ಆಸ್ಟ್ರೇಲಿಯಾಗಳಿಗೂ ಹೋಯಿತು. ನಾಟಕಕಾರ ಜಾನ್ ವೆಬ್‌ಸ್ಟರ್ ಪ್ರಸಿದ್ಧ. ಆದರೆ ಹೆಸರನ್ನು ಜಗತ್ತಿನ ಮನೆಮಾತಾಗಿಸಿದವರು 1828ರಲ್ಲಿ ಅಮೆರಿಕನ್ ಇಂಗ್ಲಿಷಿನ ಬೃಹತ್ ನಿಘಂಟು ಪ್ರಕಟಿಸಿದ ನೋವಾ ವೆಬ್‌ಸ್ಟರ್ (1758–1843).